ಮಂಜಿನ ಬೆಟ್ಟ ಹತ್ತೋದು ಹೇಗೆ: ಮೈಸೂರಿಂದ ಬೆಳಗ್ಗೆ ಹೊರಟು ತಡಿಯಂಡಮೋಳ್ ಹತ್ತಿ ರಾತ್ರಿಗೆ ಮನೆ ಸೇರೋರಿಗೆ

ದಸರಾ ಮುಗಿದು ಮಳೆ ಒಂಚೂರು ಹೊಳವಾಯ್ತು ಅಂದ್ರೆ ಸಾಕು, ಆಫೀಸ್‌ನೋರು, ಪಕ್ಕದ ಮನೆ ಹುಡುಗರು, ಅಕ್ಕನ ಮಕ್ಕಳು ಎಲ್ರೂ ಕೇಳೋದು ಒಂದೇ ಪ್ರಶ್ನೆ, ತಡಿಯಂಡಮೋಳ್‌ಗೆ ಒಂದೇ ದಿನದಲ್ಲಿ ಹೋಗ್ಬಂದುಬಿಡ್ಬೋದಾ ಅಂತ. ಹೋಗ್ಬರ್ಬೋದು. ನಾನು ಆರು ಸಲ ಹೋಗಿದ್ದೀನಿ, ಅದರಲ್ಲಿ ಎರಡು ಸಲ ತುದಿ ಮುಟ್ಟದೆ ವಾಪಸ್ ಬಂದಿದ್ದೀನಿ, ಆ ಎರಡು ಸಲಾನೂ ಸರಿಯಾದ ಕೆಲಸಾನೇ ಮಾಡ್ದೆ ಅಂತ ಇವತ್ತಿಗೂ ಅನ್ಸುತ್ತೆ. ಹತ್ತೋದು ಹೇಗೆ ಅಂತ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ, ಮಂಜು ಕವಿದಾಗ ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು, ಇಳಿಯೋ ಕಾಲನ್ನ ಹೇಗೆ ತಯಾರು ಮಾಡ್ಕೋಬೇಕು ಅನ್ನೋದನ್ನ ಯಾರೂ ಬಿಡಿಸಿ ಹೇಳಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಗೊತ್ತಿಲ್ದೋರಿಗೆ ಮೊದ್ಲು ಜಾಗದ ಬಗ್ಗೆ ಎರಡು ಮಾತು. ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ, 1748 ಮೀಟರ್. ಕಕ್ಕಬ್ಬೆ ಹತ್ರ ಯವಕಪಾಡಿ ಊರಲ್ಲಿರೋ ನಾಲ್ಕುನಾಡು ಅರಮನೆ ಇದೆಯಲ್ಲ, ಅಲ್ಲಿಂದಲೇ ದಾರಿ ಶುರು. ಗಾಡಿ ಎಲ್ಲಿವರೆಗೆ ಹೋಗುತ್ತೆ, ನೀವು ಎಲ್ಲಿಂದ ನಡೀತೀರ ಅನ್ನೋದರ ಮೇಲೆ ಒಂದು ಕಡೆಗೆ 5ರಿಂದ 8 ಕಿ.ಮೀ. ಆಗುತ್ತೆ. ಮೊದಲರ್ಧ ಸಲೀಸು, ಆಮೇಲೆ ಹುಲ್ಲುಗಾವಲು, ಕೊನೇದು ಶೋಲಾ, ಅಂದ್ರೆ ಹುಲ್ಲುಬೆಟ್ಟದ ಮಡಿಕೆಗಳಲ್ಲಿರೋ ಕುಳ್ಳ ಮರಗಳ ದಟ್ಟ ಕಾಡಿನೊಳಗೆ ಎದೆಗೆ ಮಂಡಿ ತಾಗೋಥರ ಏರು, ಆಮೇಲೆ ಬೆಟ್ಟದ ಏಣು, ಅಂದ್ರೆ ಎರಡೂ ಕಡೆ ಇಳಿಜಾರಿರೋ ಬೆಟ್ಟದ ಬೆನ್ನು. ಆ ಕೊನೇ ಭಾಗದಲ್ಲೇ ಮಂಜು ಸಿಗೋದು, ಎಡವಟ್ಟು ಆಗೋದೂ ಅಲ್ಲೇ.

ಆರು ವಾರ ಮುಂಚೆ: ಕಾಲು ರೆಡಿ ಮಾಡ್ಕೊಳ್ಳಿ

ಮೈಸೂರಲ್ಲಿರೋರಿಗೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೇ ಜಿಮ್ ಬೇಕಾಗಿಲ್ಲ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಲು ನಮ್ಮ ಮನೆ ಬಾಗ್ಲಲ್ಲೇ ಇದೆ, ಕಾಸಿಲ್ಲ, ಮೆಂಬರ್‌ಶಿಪ್ ಇಲ್ಲ. ಮೊದಲೆರಡು ವಾರ, ವಾರಕ್ಕೆ ಎರಡು ದಿನ ಬೆಳಗ್ಗೆ ಖಾಲಿ ಕೈಯಲ್ಲಿ ಹತ್ತಿ. ಎಷ್ಟು ನಿಮಿಷಕ್ಕೆ ಹತ್ತಿದ್ರಿ ಅನ್ನೋದು ಮುಖ್ಯ ಅಲ್ಲ, ದೊಡ್ಡ ನಂದಿ ಹತ್ರ ಬಂದಾಗ ಏದುಸಿರಿಲ್ದೆ ಪಕ್ಕದೋರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗುತ್ತಾ ನೋಡ್ಕೊಳ್ಳಿ. ಆಗಲ್ಲ ಅಂದ್ರೆ ನಿಮ್ಮ ಸ್ಪೀಡು ಜಾಸ್ತಿ ಆಯ್ತು ಅಂತ ಅರ್ಥ, ಬೆಟ್ಟದಲ್ಲಿ ಆ ಸ್ಪೀಡು ಒಂದು ಗಂಟೆ ಮೇಲೆ ನಡೆಯಲ್ಲ. ಮೂರು ನಾಲ್ಕನೇ ವಾರ ನಿಜವಾಗ್ಲೂ ಟ್ರೆಕ್ಕಿಗೆ ಒಯ್ಯೋ ಬ್ಯಾಗನ್ನೇ ಹೆಗಲಿಗೆ ಹಾಕ್ಕೊಂಡು, ಒಳಗೆ ಎರಡು ಲೀಟರ್ ನೀರು, ಒಂದೆರಡು ಕೆ.ಜಿ. ಅಕ್ಕಿ ಪ್ಯಾಕೆಟ್ ಇಟ್ಕೊಂಡು ಹತ್ತಿ. ಐದನೇ ವಾರ ಒಂದೇ ಬೆಳಗ್ಗೆ ಎರಡು ಸಲ ಹತ್ತಿ ಇಳೀರಿ. ಕೊನೇ ವಾರ ಸುಮ್ನೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕ್ ಮಾಡಿ, ಕಾಲಿಗೆ ರೆಸ್ಟ್ ಕೊಡಿ.

ಇಲ್ಲಿ ತುಂಬಾ ಜನ ಮಾಡೋ ತಪ್ಪು ಏನಂದ್ರೆ ಮೆಟ್ಲು ಹತ್ತಿ ತಾಯಿ ದರ್ಶನ ಮಾಡ್ಕೊಂಡು ಇಳಿಯುವಾಗ ಸಿಟಿ ಬಸ್ ಹತ್ತಿಬಿಡ್ತಾರೆ. ಬೇಡ, ಇಳಿಯೋದೂ ಮೆಟ್ಲಲ್ಲೇ ಆಗ್ಲಿ. ಹತ್ತುವಾಗ ಖರ್ಚಾಗೋದು ಉಸಿರು, ಇಳಿಯುವಾಗ ಖರ್ಚಾಗೋದು ಮಂಡಿ ಮತ್ತೆ ತೊಡೆ. ಇಳಿಯೋವಾಗ ತೊಡೆ ಮುಂಭಾಗದ ಸ್ನಾಯು ಹಿಗ್ಗುತ್ತಾ ಇರುವಾಗಲೇ ಇಡೀ ದೇಹದ ಭಾರ ತಡೀಬೇಕು, ಆ ಕೆಲಸ ಅದಕ್ಕೆ ಅಭ್ಯಾಸ ಇಲ್ಲ ಅಂದ್ರೆ ಅರ್ಧ ದಾರೀಲಿ ಕಾಲು ಗಡಗಡ ನಡುಗೋಕೆ ಶುರು ಆಗುತ್ತೆ, ಎರಡನೇ ದಿನ ಮನೇಲಿ ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂರೋಕೂ ಆಗಲ್ಲ. ಆರು ವಾರ ಮೆಟ್ಲು ಇಳಿದೋರಿಗೆ ಇದು ಅರ್ಧಕ್ಕರ್ಧ ಕಮ್ಮಿ ಆಗುತ್ತೆ, ಇದನ್ನ ನಾನು ನನ್ನ ಕಾಲಲ್ಲೇ ನೋಡಿದ್ದೀನಿ.

ಮಂಡ್ಯ ಕಡೆಯೋರಾದ್ರೆ ಮೇಲುಕೋಟೆ ಯೋಗಾನರಸಿಂಹಸ್ವಾಮಿ ಬೆಟ್ಟದ ಮೆಟ್ಲು ಇದೆ, ಶ್ರೀರಂಗಪಟ್ಟಣದ ಹತ್ರ ಕರಿಘಟ್ಟ ಇದೆ, ಪಾಂಡವಪುರದ ಕುಂತಿಬೆಟ್ಟ ಅಂತೂ ಬಂಡೆ ಮೇಲೆ ಕಾಲಿಡೋದನ್ನ ಕಲಿಯೋಕೆ ಹೇಳಿ ಮಾಡಿಸಿದ ಜಾಗ. ಬಿ.ಪಿ., ಹಾರ್ಟು, ಮಂಡಿ ಸಮಸ್ಯೆ ಇರೋರು ಮೊದ್ಲು ಡಾಕ್ಟ್ರನ್ನ ಕೇಳಿ, ಆಮೇಲೆ ಪ್ರಾಕ್ಟೀಸ್ ಶುರು ಮಾಡಿ.

ದಿನ ಗೊತ್ತು ಮಾಡೋದು, ಪರ್ಮಿಷನ್

ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಒಳ್ಳೇ ಕಾಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಗಾಳಿ, ಜಿಗಣೆ. ಫೆಬ್ರವರಿ ಆದ್ಮೇಲೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ. ಜೋರು ಮಳೆ ಇದ್ದಾಗ, ಬೆಂಕಿ ಬೀಳೋ ಕಾಲದಲ್ಲಿ ಸಾಮಾನ್ಯವಾಗಿ ದಾರಿ ಬಂದ್ ಮಾಡ್ತಾರೆ, ಹಾಗಾಗಿ ಹೋಗೋ ಮುಂಚೆ ವಿಚಾರಿಸಲೇಬೇಕು. 2024ರಿಂದ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟಿನಲ್ಲಿ ಟ್ರೆಕ್ಕಿಂಗ್ ಬುಕಿಂಗ್ ಇದೆ, ಅಲ್ಲಿ ನಿಮ್ಮ ದಿನಕ್ಕೆ ಓಪನ್ ಇದೆಯಾ ನೋಡ್ಕೊಂಡು ಬುಕ್ ಮಾಡಿ, ಎಲ್ರೂ ಗುರುತಿನ ಚೀಟಿ ಇಟ್ಕೊಳ್ಳಿ. ಚೆಕ್‌ಪೋಸ್ಟ್‌ನಲ್ಲಿ ನಿಂತು ಬಿಡಿ ಸಾರ್ ಬಿಡಿ ಸಾರ್ ಅಂತ ಗೋಗರಿಯೋ ಪರಿಸ್ಥಿತಿ ತಂದ್ಕೋಬೇಡಿ, ಅವರು ನಿಮ್ಮನ್ನ ಒಳಗೆ ಬಿಡ್ದೇ ಇರೋಕೆ ಕಾರಣ ಇರುತ್ತೆ.

ಸಾಧ್ಯ ಆದ್ರೆ ಶನಿವಾರ ಭಾನುವಾರ ಬಿಟ್ಟು ವಾರದ ಮಧ್ಯೆ ಹೋಗಿ. ತಂಡ ನಾಲ್ಕರಿಂದ ಆರು ಜನ ಇದ್ರೆ ಸರಿ. ಒಬ್ಬರೇ ಹೋಗ್ಬೇಡಿ, ಹದಿನೈದು ಜನಾನೂ ಬೇಡ, ಮಂಜಲ್ಲಿ ಹದಿನೈದು ಜನರ ತಲೆ ಎಣಿಸೋದು ಎಷ್ಟು ಕಷ್ಟ ಅಂತ ಎಣಿಸಿದೋರಿಗೇ ಗೊತ್ತು.

ಬ್ಯಾಗಲ್ಲಿ ಏನಿರಬೇಕು

ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್, ಶಿಖರ 1748. ಸಾವಿರ ಮೀಟರ್ ಮೇಲೆ ಹೋದ್ರೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಚಳಿ ಜಾಸ್ತಿ. ಅಷ್ಟೇ ಅಲ್ವಾ ಅನ್ಬೇಡಿ, ಬೆವರಲ್ಲಿ ನೆಂದ ಬಟ್ಟೆ, ಮೇಲೆ ಮಂಜಿನ ತೇವ, ಅದರ ಮೇಲೆ ಏಣಿನ ಗಾಳಿ ಮೂರೂ ಸೇರಿದ್ರೆ ಹತ್ತು ನಿಮಿಷಕ್ಕೆ ಹಲ್ಲು ಕಟಕಟ ಅನ್ನುತ್ತೆ. ಅದಕ್ಕೇ ಜೀನ್ಸ್ ಬೇಡ, ಕಾಟನ್ ಟೀ ಶರ್ಟೂ ಬೇಡ, ನೆಂದ್ರೆ ಎರಡೂ ಒಣಗಲ್ಲ. ಆಟಕ್ಕೆ ಹಾಕ್ತಾರಲ್ಲ ಆ ಥರದ ಪಾಲಿಯೆಸ್ಟರ್ ಟೀ ಶರ್ಟು, ಟ್ರ್ಯಾಕ್ ಪ್ಯಾಂಟು ಸಾಕು. ಇನ್ನೊಂದು ಒಣ ಟೀ ಶರ್ಟು, ತೆಳು ಸ್ವೆಟರ್, ಒಂದು ಜೊತೆ ಸಾಕ್ಸ್ ಇವನ್ನ ಪ್ಲಾಸ್ಟಿಕ್ ಕವರ್‌ನಲ್ಲಿ ಗಂಟು ಕಟ್ಟಿ ಬ್ಯಾಗಿನ ತಳಕ್ಕೆ ಹಾಕ್ಬಿಡಿ, ತುದಿ ತಲುಪೋವರೆಗೂ, ಇಲ್ಲಾ ಮಂಜು ಕವಿಯೋವರೆಗೂ ಮುಟ್ಟಬೇಡಿ.

ಮಳೆಗೆ ಛತ್ರಿ ತರ್ಬೇಡಿ, ಏಣಿನ ಗಾಳಿಗೆ ಅದು ಕೈಯಲ್ಲಿ ನಿಲ್ಲಲ್ಲ. ರೈನ್‌ಕೋಟು ಇಲ್ಲ ಅಂದ್ರೆ ದುಡ್ಡು ಸುರಿಯೋದೂ ಬೇಡ. ನಮ್ಮ ಅಜ್ಜಿ ಊರು ಮಂಡ್ಯ ಹತ್ರ, ಅಲ್ಲಿ ಗದ್ದೆಗೆ ಹೋಗೋರು ಗೊಬ್ಬರದ ಚೀಲವನ್ನ ಒಂದು ಮೂಲೆ ಒಳಗೆ ಮಡಚಿ ತಲೆ ಮೇಲೆ ಕೊಪ್ಪೆ ಹಾಕ್ಕೊಳ್ತಾರೆ, ತಲೆ ಬೆನ್ನು ಎರಡೂ ಮುಚ್ಚುತ್ತೆ, ಕೈ ಎರಡೂ ಖಾಲಿ ಇರುತ್ತೆ. ನಾನು ಮೊದಲನೇ ಸಲ ಹೋದಾಗ ದಪ್ಪ ಪ್ಲಾಸ್ಟಿಕ್ ಶೀಟಲ್ಲಿ ಅದೇ ಥರ ಕೊಪ್ಪೆ ಮಾಡ್ಕೊಂಡಿದ್ದೆ, ಬ್ಯಾಗೂ ಅದರೊಳಗೇ ಮುಚ್ಚಿಹೋಗ್ತಿತ್ತು, ಚೆನ್ನಾಗೇ ಕೆಲಸ ಮಾಡ್ತು.

ಶೂ ಮಾತ್ರ ತಳ ಸವೆದಿರಬಾರದು. ಹೊಸ ಶೂ ಆದ್ರೆ ಚಾಮುಂಡಿ ಬೆಟ್ಟದಲ್ಲೇ ನಾಲ್ಕು ಸಲ ಹಾಕಿ ಪಳಗಿಸಿ. ಕಾಲುಗುರು ಎರಡು ದಿನ ಮುಂಚೆ ಕತ್ತರಿಸಿ, ಇಳಿಯುವಾಗ ಬೆರಳು ಶೂ ಮುಂಭಾಗಕ್ಕೆ ಬಡಿದು ಬಡಿದು ಉಗುರು ಕಪ್ಪಾಗುತ್ತೆ, ಇದು ಚಿಕ್ಕ ವಿಷಯ ಅನ್ಸುತ್ತೆ ಆದ್ರೆ ಅರ್ಧ ದಿನದ ನೆಮ್ಮದಿ ಇದರ ಮೇಲೇ ನಿಂತಿರುತ್ತೆ.

ನೀರು ತಲೆಗೆ ಎರಡೂವರೆಯಿಂದ ಮೂರು ಲೀಟರ್, ಜೊತೆಗೆ ಓ.ಆರ್.ಎಸ್. ಎರಡು ಪ್ಯಾಕೆಟ್. ಊಟಕ್ಕೆ ಪುಳಿಯೋಗರೆ ಒಯ್ಯಿರಿ, ಬೆಳಗ್ಗೆ ಮೂರಕ್ಕೆ ಕಲಸಿದ್ರೂ ಮಧ್ಯಾಹ್ನಕ್ಕೆ ಹಳಸಲ್ಲ, ಉಪ್ಪು ಹುಳಿ ಎರಡೂ ಇರುತ್ತೆ, ಬೆವರು ಹರಿಸಿದ ಮೈಗೆ ಅದೇ ಬೇಕು. ದಾರೀಲಿ ಬಾಯಾಡಿಸೋಕೆ ಶೇಂಗಾ ಚಿಕ್ಕಿ, ಹುರಿಗಡಲೆ, ಬೆಲ್ಲ. ಬಾಳೆಹಣ್ಣು ಬ್ಯಾಗಲ್ಲಿ ಹಿಸುಕಿ ಹೋಗುತ್ತೆ, ಅದನ್ನ ಗಾಡಿಯಲ್ಲೇ ತಿಂದು ಮುಗಿಸಿ.

ಇದಲ್ದೆ ಪ್ರತಿಯೊಬ್ಬರ ಕೊರಳಲ್ಲೂ ಒಂದು ವಿಸಿಲ್. ಬ್ಯಾಗಲ್ಲಿ ಅಲ್ಲ, ಕೊರಳಲ್ಲಿ. ಒಂದು ಟಾರ್ಚು, ಪವರ್ ಬ್ಯಾಂಕು, ಸಣ್ಣ ಉಪ್ಪಿನ ಗಂಟು, ಕ್ರೇಪ್ ಬ್ಯಾಂಡೇಜು, ನಿಮ್ಮ ಮಾಮೂಲಿ ಮಾತ್ರೆ. ಆ ಪ್ರದೇಶದ ಮ್ಯಾಪನ್ನ ಮನೆ ವೈಫೈನಲ್ಲೇ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ಮೇಲೆ ಸಿಗ್ನಲ್ ನೆಚ್ಚಿಕೊಳ್ಳೋ ಹಾಗಿಲ್ಲ.

ವಾಪಸ್ ತಿರುಗೋ ಟೈಮು: ಇದನ್ನ ಮನೇಲೇ ಬರೆದಿಡಿ

1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನೋರು ಒಂದು ಸರಳ ಲೆಕ್ಕ ಹಾಕ್ಕೊಟ್ರು, ಇವತ್ತಿಗೂ ಬೆಟ್ಟ ಹತ್ತೋರು ಅದನ್ನೇ ಬಳಸ್ತಾರೆ. ದೂರಕ್ಕೆ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 7 ಕಿ.ಮೀ. ದಾರಿ, 600 ಮೀಟರ್ ಏರು ಅಂತಿಟ್ಕೊಳ್ಳಿ, ಎರಡು ಗಂಟೆ ಇಪ್ಪತ್ತೈದು ನಿಮಿಷ ಆಯ್ತು. ಆದ್ರೆ ಇದು ನಿಲ್ಲದೆ ನಡೆಯೋ ಗಟ್ಟಿ ಕಾಲಿನೋರ ಲೆಕ್ಕ. ನಮ್ಮ ಥರ ವಾರವೆಲ್ಲಾ ಕುರ್ಚಿ ಮೇಲೆ ಕೂರೋರು ಇದನ್ನ ಒಂದೂವರೆ ಪಟ್ಟು ಮಾಡ್ಕೋಬೇಕು, ಅಂದ್ರೆ ಮೂರೂವರೆ ಗಂಟೆ ದಾಟುತ್ತೆ. ಇಳಿಯೋಕೆ ಎರಡೂವರೆ ಮೂರು ಗಂಟೆ ಇಟ್ಕೊಳ್ಳಿ.

ಈಗ ಹಿಂದಿನಿಂದ ಲೆಕ್ಕ ಹಾಕಿ. ಚಳಿಗಾಲದಲ್ಲಿ ಆರು ಗಂಟೆ ಸುಮಾರಿಗೆ ಕತ್ತಲು, ಕಾಡೊಳಗೆ ಇನ್ನೂ ಬೇಗ. ನಾಲ್ಕಕ್ಕೆ ಗಾಡಿ ಹತ್ರ ಇರಬೇಕು. ಅಂದ್ರೆ ಒಂದು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್, ತುದಿ ಇನ್ನು ಹತ್ತು ನಿಮಿಷ ಇದ್ರೂ ವಾಪಸ್. ಈ ಒಂದು ಗಂಟೆ ಅನ್ನೋದನ್ನ ಹಿಂದಿನ ರಾತ್ರೀನೇ ಎಲ್ಲರ ಎದುರು ಮಾತಾಡಿ ಒಪ್ಕೊಂಡುಬಿಡಿ, ಮನೇಲಿರೋರಿಗೂ ಹೇಳಿ. ಮೇಲೆ ಹೋದ್ಮೇಲೆ ನಿರ್ಧಾರ ಮಾಡೋಣ ಅಂದ್ರೆ ಆಗಲ್ಲ, ಅಲ್ಲಿ ಸುಸ್ತಾಗಿರುತ್ತೆ, ಆಸೆ ಇರುತ್ತೆ, ಇಷ್ಟು ದೂರ ಬಂದಿದ್ದೀವಲ್ಲಾ ಅಂತ ಒಬ್ಬರು ಅಂದ್ರೆ ಉಳಿದೋರೂ ಹೂಂ ಅಂತಾರೆ.

ಹೊರಡೋ ದಿನ

ಬೆಳಗ್ಗೆ ಮೂರೂವರೆಗೆ ಮೈಸೂರು ಬಿಟ್ರೆ ಹುಣಸೂರು, ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ ಮೇಲೆ ಕಕ್ಕಬ್ಬೆ, ಹೆಚ್ಚುಕಮ್ಮಿ 140 ಕಿ.ಮೀ. ಹುಣಸೂರು ದಾಟಿದ್ಮೇಲೆ ಆನೆಚೌಕೂರು ಕಡೆ ಕಾಡಿನ ರಸ್ತೆ, ಅಲ್ಲಿ ನಿಧಾನ ಹೋಗಿ, ಗಾಡಿ ನಿಲ್ಲಿಸಬೇಡಿ. ಡ್ರೈವ್ ಮಾಡೋರು ಹಿಂದಿನ ದಿನ ಒಂಬತ್ತಕ್ಕೇ ಮಲಗಿರಬೇಕು. ಇನ್ನೂ ಒಳ್ಳೇದಂದ್ರೆ ಬೆಟ್ಟ ಹತ್ತದೆ ಇರೋ ಒಬ್ಬ ಡ್ರೈವರ್ ಇರೋದು, ಯಾಕಂದ್ರೆ ರಾತ್ರಿ ಸುಸ್ತಾದ ಕಾಲಲ್ಲಿ ಬ್ರೇಕ್ ತುಳ್ಕೊಂಡು ಬರೋ ವಾಪಸ್ ಪ್ರಯಾಣ ಬೆಟ್ಟಕ್ಕಿಂತ ಅಪಾಯ. ವಿರಾಜಪೇಟೇಲಿ ತಿಂಡಿ ಸಿಕ್ರೆ ತಿನ್ನಿ, ಹೊಟ್ಟೆ ಬಿರಿಯೋಷ್ಟು ಬೇಡ.

ನಾಲ್ಕುನಾಡು ಅರಮನೆ ಹತ್ರ ಐದು ನಿಮಿಷ ನಿಲ್ಲಿ. ದೊಡ್ಡವೀರರಾಜೇಂದ್ರ 1792ರಿಂದ 94ರೊಳಗೆ ಕಟ್ಟಿಸಿದ್ದು, ಕೊಡಗಿನ ಕೊನೇ ಅರಸ ಚಿಕ್ಕವೀರರಾಜ 1834ರಲ್ಲಿ ಬ್ರಿಟಿಷರು ಬಂದಾಗ ಆಶ್ರಯ ಪಡೆದದ್ದೂ ಇಲ್ಲೇ. ಅರಮನೆ ಅಂದ ತಕ್ಷಣ ಮೈಸೂರಿನೋರ ಕಣ್ಣಿಗೆ ಬೇರೇನೋ ಬರುತ್ತೆ, ಇದು ಎರಡಂತಸ್ತಿನ ತಣ್ಣನೆ ಮನೆ ಥರ. ಸುತ್ತ ಇರೋ ಕಾಡು ಬೆಟ್ಟ ನೋಡಿದ್ರೆ ಯಾಕೆ ಇಲ್ಲೇ ಕಟ್ಟಿಸಿದ್ರು ಅಂತ ಗೊತ್ತಾಗುತ್ತೆ, ಹೊರಗಿನೋರಿಗೆ ದಾರಿ ಸಿಗೋ ಜಾಗ ಅಲ್ಲ ಅದು.

ಅಲ್ಲಿಂದ ಮೊದ್ಲು ಗಾಡಿ ರಸ್ತೆ, ಅಕ್ಕಪಕ್ಕ ಕಾಫಿ ತೋಟ, ಹೋಂಸ್ಟೇ ಮನೆಗಳು. ಇಲ್ಲಿ ಬೇಕಂತಲೇ ನಿಧಾನ ನಡೀರಿ. ಮೊದಲನೇ ಅರ್ಧ ಗಂಟೆ ಯಾರು ಓಡ್ತಾರೋ ಅವರೇ ಶೋಲಾ ಏರಲ್ಲಿ ಕೂತ್ಕೊಳ್ಳೋದು. ತಂಡದಲ್ಲಿ ಎಲ್ಲರಿಗಿಂತ ನಿಧಾನ ಯಾರೋ ಅವರನ್ನ ಎರಡನೇ ಜಾಗಕ್ಕೆ ಹಾಕಿ, ದಾರಿ ಗೊತ್ತಿರೋರು ಮುಂದೆ, ಗಟ್ಟಿಗರು ಕೊನೇಲಿ. ಮುಂದಿನೋರನ್ನ ಯಾರೂ ದಾಟೋ ಹಾಗಿಲ್ಲ, ಹಿಂದಿನೋರಿಗಿಂತ ಹಿಂದೆ ಯಾರೂ ಉಳಿಯೋ ಹಾಗಿಲ್ಲ. ಇಷ್ಟೇ ರೂಲ್ಸು.

ಆಮೇಲೆ ಜೀಪ್ ದಾರಿ, ಕಾಡು, ಒಂದು ತೊರೆ ಸಿಗುತ್ತೆ. ಮುಖ ತೊಳ್ಕೊಳ್ಳಿ, ಕುಡಿಯೋದಾದ್ರೆ ಫಿಲ್ಟರ್ ಮಾಡಿ ಕುಡೀರಿ. ಈ ಭಾಗದಲ್ಲಿ ಆನೆ ಓಡಾಟ ಇರುತ್ತೆ, ಹಬೆಯಾಡ್ತಿರೋ ಲದ್ದಿ ಕಂಡ್ರೆ, ಕೊಂಬೆ ಮುರಿಯೋ ಸದ್ದು ಕೇಳಿದ್ರೆ ಮೊಬೈಲ್ ತೆಗೀಬೇಡಿ, ಸದ್ದಿಲ್ದೆ ಬಂದ ದಾರೀಲೇ ಹಿಂದಕ್ಕೆ ಬನ್ನಿ. ಬೆಳಕು ಪೂರ್ತಿ ಹರಿಯೋ ಮುಂಚೆ ಕಾಡೊಳಗೆ ಕಾಲಿಡಲೇಬೇಡಿ. ಅದಾದ್ಮೇಲೆ ಒಂದು ದೊಡ್ಡ ಬಂಡೆ, ಅಲ್ಲಿಂದ ಮುಂದೆ ಹುಲ್ಲಿನ ಬೆಟ್ಟ ಬಿಚ್ಕೊಳ್ಳುತ್ತೆ. ಈ ಬಂಡೆ ನಿಮ್ಮ ಎರಡನೇ ಲೆಕ್ಕದ ಜಾಗ. ಇಲ್ಲಿಗೆ ಬರೋ ಹೊತ್ತಿಗೆ ಹನ್ನೊಂದೂವರೆ ಆಗೋಗಿದ್ರೆ, ಅಥವಾ ಯಾರಿಗಾದ್ರೂ ತಲೆ ಸುತ್ತು, ಮಂಡಿ ನೋವು ಶುರು ಆಗಿದ್ರೆ ಇಲ್ಲೇ ಪುಳಿಯೋಗರೆ ಬಿಚ್ಚಿ ತಿಂದು ವಾಪಸ್ ಬನ್ನಿ, ನೋಟ ಇಲ್ಲಿಂದಲೂ ಕಣ್ತುಂಬ ಸಿಗುತ್ತೆ.

ಇನ್ನೊಂದು ಅಭ್ಯಾಸ ಇಲ್ಲಿಂದ ಶುರು ಮಾಡಿ. ಹುಲ್ಲಲ್ಲಿ ಒಂದು ದಾರಿ ಎರಡಾಗುತ್ತೆ, ಎರಡು ಮೂರಾಗುತ್ತೆ, ಕೆಲವು ದನ ಓಡಾಡಿದ ಜಾಡು. ದಾರಿ ಕವಲೊಡೆದ ಕಡೆಯೆಲ್ಲಾ ನಾಲ್ಕು ಹೆಜ್ಜೆ ಮುಂದೆ ಹೋಗಿ, ನಿಂತು, ಹಿಂದಕ್ಕೆ ತಿರುಗಿ ಒಂದು ಫೋಟೋ ತೆಗೀರಿ. ಮುಂದಕ್ಕಲ್ಲ, ಹಿಂದಕ್ಕೆ. ವಾಪಸ್ ಬರುವಾಗ ಕಣ್ಣಿಗೆ ಕಾಣೋದು ಆ ನೋಟ, ಹತ್ತುವಾಗ ನೋಡಿದ ಮರ ಬಂಡೆ ಯಾವುದೂ ಇಳಿಯುವಾಗ ಅದೇ ಥರ ಕಾಣಲ್ಲ. ನನ್ನ ಫೋನಲ್ಲಿ ಇಂಥ ಫೋಟೋ ಒಂದಿದೆ, ಎರಡು ಕಾಲ್ದಾರಿ ಸೇರೋ ಕಡೆ ಮಂಡಿಯೆತ್ತರದ ಒಂದು ಕಲ್ಲು, ಅದರ ಎಡಕ್ಕೆ ಬಿಳಿ ಕಲೆ, ಪಕ್ಕದಲ್ಲಿ ಗಾಳಿಗೆ ಒಂದೇ ಕಡೆ ಬಾಗಿರೋ ಗಿಡ. ಮಂಜು ಕವಿದ ದಿನ ಆ ಬಿಳಿ ಕಲೆಯೇ ನಮ್ಮನ್ನ ಸರಿಯಾದ ಜಾಡಿಗೆ ಇಳಿಸ್ತು.

ಶೋಲಾ ಒಳಗೆ ಹೊಕ್ಕಿದ್ಮೇಲೆ ಬೆಳಕು ಕಮ್ಮಿ, ಮರಗಳು ಕುಳ್ಳಕೆ, ಕೊಂಬೆ ತುಂಬಾ ಪಾಚಿ, ಕಾಲಡಿ ಬೇರು. ಚಿಕ್ಕ ಚಿಕ್ಕ ಹೆಜ್ಜೆ ಇಡಿ, ಪೂರ್ತಿ ಪಾದ ಊರಿ. ಒದ್ದೆ ಬೇರಿನ ಮೇಲೆ ಕಾಲಿಡಬೇಡಿ, ಎರಡು ಬೇರಿನ ಮಧ್ಯೆ ಇರೋ ಮಣ್ಣಿನ ಮೇಲೆ ಇಡಿ. ಕೊಂಬೆ ಹಿಡಿಯೋ ಮುಂಚೆ ಅಲುಗಿಸಿ ನೋಡಿ. ಇಪ್ಪತ್ತು ಹೆಜ್ಜೆಗೆ ಒಂದು ಸಲ ನಿಂತು ಮೂರು ಸಲ ದೀರ್ಘ ಉಸಿರು, ಮತ್ತೆ ಇಪ್ಪತ್ತು ಹೆಜ್ಜೆ, ಕೂರೋದು ಬೇಡ, ಕೂತ್ರೆ ಕಾಲು ಬಿಗಿಯುತ್ತೆ.

ಮಂಜು

ಮಂಜಲ್ಲಿ ಎರಡು ಥರ ಅಂತ ಮೊದ್ಲು ತಿಳ್ಕೊಳ್ಳಿ. ಬೆಳಗ್ಗೆ ಕಕ್ಕಬ್ಬೆ ಕಣಿವೇಲಿ ಹಾಲು ಚೆಲ್ಲಿದಂಗೆ ಕೂತಿರೋದು ರಾತ್ರಿ ನೆಲ ತಣ್ಣಗಾಗಿ ಹುಟ್ಟಿದ ಮಂಜು, ಬಿಸಿಲು ಏರ್ತಿದ್ದಂಗೆ ಒಂಬತ್ತು ಹತ್ತರ ಹೊತ್ತಿಗೆ ಕರಗುತ್ತೆ, ಅದಕ್ಕೆ ಹೆದರೋದು ಬೇಕಿಲ್ಲ. ಏಣಿನ ಮೇಲೆ ಸಿಗೋದು ಬೇರೆ. ಅರಬ್ಬೀ ಸಮುದ್ರದಿಂದ ಬರೋ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇಳುತ್ತೆ, ಏಳ್ತಾ ಏಳ್ತಾ ತಣ್ಣಗಾಗುತ್ತೆ, ತೇವ ಹನಿಯಾಗುತ್ತೆ. ಅದು ಮೋಡಾನೇ, ನಾವೇ ಅದರೊಳಗೆ ಹೋಗಿ ನಿಂತಿರ್ತೀವಿ. ಇದು ಬಿಸಿಲಿಗೆ ಕರಗುತ್ತೆ ಅಂತ ಕಾಯ್ತಾ ಕೂತ್ರೆ ಕೆಲವು ಸಲ ಮಧ್ಯಾಹ್ನ ಆಗ್ತಾ ಆಗ್ತಾ ಇನ್ನೂ ದಟ್ಟ ಆಗುತ್ತೆ. ಪಶ್ಚಿಮದ ಕಡೆಯಿಂದ ಕಣಿವೆ ಕೆಳಗಿಂದ ಬಿಳಿ ಹೊಗೆ ಥರ ಏಣು ಹತ್ತಿ ಬರ್ತಿದೆ ಅಂದ್ರೆ ನಿಮಗೆ ಐದು ನಿಮಿಷವೂ ಟೈಮಿಲ್ಲ.

ಆ ಐದು ನಿಮಿಷದಲ್ಲಿ ಮಾಡಬೇಕಾದ್ದು ಇಷ್ಟು. ಮುಂದಿನೋರು ನಿಲ್ಲಬೇಕು, ಎಲ್ರೂ ಒಂದೇ ಕಡೆ ಸೇರಬೇಕು, ತಲೆ ಎಣಿಸಬೇಕು, ಬಾಯಲ್ಲಿ ಜೋರಾಗಿ ಒಂದು ಎರಡು ಮೂರು ಅಂತ. ಮ್ಯಾಪಲ್ಲಿ ನಿಂತಿರೋ ಜಾಗ ಗುರುತು ಹಾಕಬೇಕು. ಸ್ವೆಟರ್, ರೈನ್‌ಕೋಟು ಈಗಲೇ ಹಾಕ್ಕೋಬೇಕು, ಚಳಿ ಆದ್ಮೇಲೆ ಅಲ್ಲ. ಆಮೇಲೆ ನಡೆಯೋದಾದ್ರೆ ಮುಂದಿನೋರ ಬ್ಯಾಗು ಹಿಂದಿನೋರಿಗೆ ಕಾಣೋಷ್ಟೇ ಅಂತರ. ಬ್ಯಾಗ್ ಕಾಣ್ತಿಲ್ಲ ಅಂದ್ರೆ ತಕ್ಷಣ ಒಂದು ವಿಸಿಲ್. ನಮ್ಮ ತಂಡದಲ್ಲಿ ಒಂದು ವಿಸಿಲ್ ಅಂದ್ರೆ ನಿಲ್ಲಿ, ಎರಡು ಅಂದ್ರೆ ನನ್ನ ಕಡೆ ಬನ್ನಿ, ಮೂರು ಅಂದ್ರೆ ಅಪಾಯ. ನೀವು ಬೇರೆ ಥರ ಇಟ್ಕೊಂಡ್ರೂ ಸರಿ, ಗಾಡಿ ಹತ್ರಾನೇ ಎಲ್ಲರ ಬಾಯಲ್ಲೂ ಹೇಳಿಸಿ.

ಮೂರನೇ ಸಲ ಹೋದಾಗ ಅಕ್ಕನ ಮಗ ಬಂದಿದ್ದ, ಇಪ್ಪತ್ತು ವರ್ಷದ ಹುಡುಗ, ಕಾಲಲ್ಲಿ ಸ್ಪ್ರಿಂಗ್ ಇದ್ದಂಗೆ ನಡೆಯೋನು. ಶೋಲಾ ದಾಟಿ ಏಣಿನ ಮೇಲೆ ಬಂದ ಕೂಡ್ಲೇ ಮಾವ ಒಂದು ಫೋಟೋ ಅಂತ ಮೂವತ್ತು ನಲವತ್ತು ಹೆಜ್ಜೆ ಮುಂದೆ ಹೋದ, ನಾನು ಶೂ ಲೇಸ್ ಕಟ್ಟಿ ತಲೆ ಎತ್ತೋದ್ರೊಳಗೆ ಅವನಿಲ್ಲ. ಅವನು ನಿಂತಿದ್ದ ಬಂಡೇನೂ ಇಲ್ಲ, ನನ್ನ ಕೈ ಚಾಚಿದ್ರೆ ಬೆರಳ ತುದಿ ಮಸುಕು. ಕೂಗಿದೆ, ಓ ಅಂದ, ಆದ್ರೆ ಆ ಓ ಬಲಗಡೆಯಿಂದ ಬಂದಂಗಿತ್ತು, ಎರಡನೇ ಸಲ ಎಡಗಡೆಯಿಂದ. ಗಾಳಿ ಬೀಸೋ ಏಣಿನ ಮೇಲೆ ದನಿ ಎಲ್ಲಿಂದ ಬರ್ತಿದೆ ಅಂತ ನಂಬೋ ಹಾಗಿಲ್ಲ ಅನ್ನೋದು ನನಗೆ ಆವತ್ತೇ ಗೊತ್ತಾದದ್ದು. ಬೆಳಗ್ಗೆ ಗಾಡಿ ಹತ್ರ ಒಂದು ಮಾತು ಹೇಳಿದ್ದೆ, ನಾವು ಕಾಣಿಸ್ಲಿಲ್ಲ ಅಂದ್ರೆ ಹುಡುಕ್ಬೇಡ, ನಿಂತಲ್ಲೇ ಕೂತ್ಕೋ, ನಾವು ಬರ್ತೀವಿ ಅಂತ. ಒಂದು ವಿಸಿಲ್ ಹೊಡೆದೆ. ಸ್ವಲ್ಪ ಹೊತ್ತು ಬಿಟ್ಟು ಅವನಿಂದ ಒಂದು ವಿಸಿಲ್ ಬಂತು. ಮತ್ತೆ ಹೊಡೆದೆ, ಮತ್ತೆ ಬಂತು, ಅದೇ ಕಡೆಯಿಂದ. ಕೂತಿದ್ದಾನೆ, ಅಲುಗಾಡ್ತಿಲ್ಲ ಅಂತ ಗೊತ್ತಾಯ್ತು. ನಾನೂ ಅಲುಗಾಡ್ಲಿಲ್ಲ. ಇಪ್ಪತ್ತು ನಿಮಿಷ ಹಾಗೇ, ನಾಲ್ಕೈದು ನಿಮಿಷಕ್ಕೊಂದು ವಿಸಿಲ್, ಜೊತೇಲಿದ್ದೋರು ಯಾರೂ ಮಾತಾಡ್ಲಿಲ್ಲ. ಮಂಜು ಒಂದು ಕ್ಷಣ ತೆಳುವಾದಾಗ ನೋಡಿದ್ರೆ ಹುಡುಗ ಐವತ್ತು ಅಡಿ ದೂರದಲ್ಲಿ, ಆಚೆ ಕಣಿವೆಗೆ ಇಳಿಯೋ ದನದ ಜಾಡಿನ ಮೇಲೆ ಬ್ಯಾಗ್ ತಬ್ಕೊಂಡು ಕೂತಿದ್ದ. ಇನ್ನು ಹತ್ತು ಹೆಜ್ಜೆ ನಮ್ಮನ್ನ ಹುಡುಕ್ಕೊಂಡು ಹೋಗಿದ್ರೆ ಕಡಿದಾದ ಹುಲ್ಲಿನ ಇಳಿಜಾರು. ನಾನು ಹೋಗಿ ಅವನ ಕೈ ಹಿಡ್ಕೊಂಡೆ, ಮಂಜುಗಡ್ಡೆ ಥರ ತಣ್ಣಗಿತ್ತು. ತುದಿ ಹತ್ತಿರಾನೇ ಇತ್ತು, ಟೈಮು ಹನ್ನೆರಡೂ ಮುಕ್ಕಾಲು, ವಾಪಸ್ ತಿರುಗಿದ್ವಿ.

ಅದಕ್ಕೇ ಹೇಳೋದು, ಕಳೆದುಹೋದೋರು ಕೂರಬೇಕು, ಉಳಿದೋರು ಒಟ್ಟಿಗಿರಬೇಕು. ಹುಡುಕೋಕೆ ಅಂತ ಒಬ್ಬೊಬ್ಬರು ಒಂದೊಂದು ಕಡೆ ಹೋದ್ರೆ ಕಳೆದುಹೋದೋರ ಸಂಖ್ಯೆ ಜಾಸ್ತಿ ಆಗುತ್ತೆ ಅಷ್ಟೇ. ದಾರಿ ತಪ್ಪಿದೆ ಅನ್ಸಿದ್ರೆ ಕೊನೇ ಸಲ ದಾರಿ ಖಂಡಿತ ಗೊತ್ತಿದ್ದ ಜಾಗಕ್ಕೆ ಬಂದ ಹೆಜ್ಜೇಲೇ ಹಿಂದಕ್ಕೆ ಬನ್ನಿ. ನೀರಿನ ಸದ್ದು ಕೇಳ್ತು, ತೊರೆ ಹಿಡ್ಕೊಂಡು ಇಳಿದ್ರೆ ಊರು ಸಿಗುತ್ತೆ ಅನ್ನೋ ಮಾತು ಘಟ್ಟದಲ್ಲಿ ನಡೆಯಲ್ಲ, ತೊರೆ ಹೋಗಿ ಬಂಡೆ ಅಂಚಲ್ಲಿ ಧುಮುಕುತ್ತೆ. ಟಾರ್ಚನ್ನ ಹಣೆ ಹತ್ರ ಹಿಡಿದ್ರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತೆ, ಸೊಂಟದ ಕೆಳಗೆ ಹಿಡಿದು ನೆಲಕ್ಕೆ ಬಿಡಿ. ಫೋನು ಏರೋಪ್ಲೇನ್ ಮೋಡ್‌ನಲ್ಲಿರ್ಲಿ, ಜಿ.ಪಿ.ಎಸ್. ಆಗಲೂ ಕೆಲಸ ಮಾಡುತ್ತೆ, ಬ್ಯಾಟರಿ ಉಳಿಯುತ್ತೆ. ನಿಜವಾಗ್ಲೂ ಸಹಾಯ ಬೇಕಾದ್ರೆ ಸಿಗ್ನಲ್ ಸಿಗೋ ಕಡೆ 112ಕ್ಕೆ ಫೋನ್ ಮಾಡಿ. ಗುಡುಗು ಕೇಳಿದ್ರೆ ಏಣಿನ ಮೇಲೆ ಒಂದು ಕ್ಷಣಾನೂ ಇರಬೇಡಿ, ಒಂಟಿ ಮರದ ಕೆಳಗೂ ನಿಲ್ಲಬೇಡಿ, ಬಂದ ದಾರೀಲಿ ಕೆಳಗಿಳೀರಿ.

ತುದಿ ತಲುಪಿ ಆಕಾಶ ತಿಳಿಯಾಗಿದ್ರೆ ಪಶ್ಚಿಮಕ್ಕೆ ನೋಡಿ, ಬೆಟ್ಟದ ಹಿಂದೆ ಬೆಟ್ಟ, ಅದರಾಚೆ ದಿಗಂತದಲ್ಲಿ ಒಂದು ತೆಳ್ಳನೆ ಹೊಳಪು, ಸಮುದ್ರ ಅಂತಾರೆ. ಒಣ ಟೀ ಶರ್ಟ್ ಹಾಕ್ಕೊಳ್ಳಿ, ತಿನ್ನಿ, ಅರ್ಧ ಗಂಟೆ ಸಾಕು. ಅಂಚಿನ ಬಂಡೆ ಮೇಲೆ ಸೆಲ್ಫಿ ಬೇಡ. ಸಿಗರೇಟು ಬೇಡವೇ ಬೇಡ, ಆ ಹುಲ್ಲು ಒಂದು ಕಿಡಿಗೆ ಬೆಟ್ಟ ಪೂರ್ತಿ ಹತ್ಕೊಳ್ಳುತ್ತೆ.

ಇಳಿಯೋದು

ಹೊರಡೋ ಮುಂಚೆ ಶೂ ಲೇಸ್ ಬಿಚ್ಚಿ, ಹಿಮ್ಮಡಿ ಹಿಂದಕ್ಕೆ ಒತ್ತಿ, ಪಾದದ ಕುತ್ತಿಗೆ ಹತ್ರ ಬಿಗಿಯಾಗಿ ಮತ್ತೆ ಕಟ್ಟಿ, ಬೆರಳು ಮುಂದಕ್ಕೆ ಜಾರಲ್ಲ. ಮಂಡಿ ಯಾವತ್ತೂ ಕೊಂಚ ಬಾಗಿರಲಿ, ಹೆಜ್ಜೆ ಚಿಕ್ಕದಿರಲಿ, ತುಂಬಾ ಕಡಿದಾದ ಕಡೆ ಪಕ್ಕಕ್ಕೆ ತಿರುಗಿ ಅಡ್ಡಡ್ಡ ಇಳೀರಿ. ಕೋಲನ್ನ ಮೊದ್ಲು ಕೆಳಗೆ ಊರಿ ಆಮೇಲೆ ಕಾಲು. ಶೋಲಾದಲ್ಲಿ ಮುಖ ಬೆಟ್ಟದ ಕಡೆ ಮಾಡಿ ಏಣಿ ಇಳಿದಂಗೆ ಇಳಿಯೋದು ಒಂದೆರಡು ಕಡೆ ಬೇಕಾಗುತ್ತೆ, ನಾಚಿಕೆ ಪಡಬೇಡಿ. ಓಡಬೇಡಿ. ಕಾಲು ನಡುಗ್ತಿದೆ ಅಂದ್ರೆ ಕೂತು ನೀರು, ಒಂದು ತುಂಡು ಬೆಲ್ಲ, ಹತ್ತು ನಿಮಿಷ. ಬೀಳೋರಲ್ಲಿ ಜಾಸ್ತಿ ಜನ ಬೀಳೋದು ಆಯ್ತಲ್ಲ ಇನ್ನೇನು ಅನ್ನೋ ಕೊನೇ ಭಾಗದಲ್ಲಿ, ಜೀಪ್ ದಾರಿಯ ಸಡಿಲ ಜಲ್ಲಿ ಮೇಲೆ.

ಜಿಗಣೆ ಬಗ್ಗೆ ಕೇಳ್ತಾರೆ, ಮಲೆನಾಡಲ್ಲಿ ಇಂಬಳ ಅಂತಾರಲ್ಲ ಅದು. ಪ್ಯಾಂಟನ್ನ ಸಾಕ್ಸ್ ಒಳಗೆ ಸೇರಿಸಿ, ಉಪ್ಪಿನ ಗಂಟನ್ನ ಒದ್ದೆ ಮಾಡಿ ಕೋಲಿನ ತುದಿಗೆ ಕಟ್ಕೊಳ್ಳಿ, ಶೂ ಮೇಲೆ ಹತ್ತಿರೋದಕ್ಕೆ ಮುಟ್ಟಿಸಿದ್ರೆ ಉದುರುತ್ತೆ. ಚರ್ಮಕ್ಕೆ ಕಚ್ಕೊಂಡಿದ್ರೆ ಎಳೀಬೇಡಿ, ಸುಡಬೇಡಿ, ಉಗುರನ್ನ ಅದರ ಬಾಯಿ ಪಕ್ಕ ಇಟ್ಟು ಅಡ್ಡಕ್ಕೆ ತಳ್ಳಿ. ಅದರ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದಂಗೆ ಮಾಡೋ ಅಂಶ ಇರುತ್ತೆ, ಅದಕ್ಕೇ ಸ್ವಲ್ಪ ಹೊತ್ತು ರಕ್ತ ಸೋರುತ್ತೆ, ತೊಳೆದು ಬಟ್ಟೆ ಒತ್ತಿ ಹಿಡಿದ್ರೆ ನಿಲ್ಲುತ್ತೆ.

ಒಯ್ದ ಪ್ಲಾಸ್ಟಿಕ್ಕು, ಚಿಕ್ಕಿ ಕವರು, ಬಾಟ್ಲು ಎಲ್ಲಾ ನಿಮ್ಮ ಬ್ಯಾಗಲ್ಲೇ ವಾಪಸ್ ಬರಬೇಕು. ಕಿತ್ತಳೆ ಸಿಪ್ಪೆ ಕೂಡ. ಪಾಡಿ ಇಗ್ಗುತ್ತಪ್ಪನ ಸನ್ನಿಧಿ ಇರೋ ನೆಲ ಅದು, ಆ ಊರಿನೋರಿಗೆ ಮಳೆ ಬೆಳೆ ಕೊಡೋ ದೇವರು, ನಾವು ಅವರ ಮನೆಗೆ ಹೋಗಿ ಬರೋ ನೆಂಟರು.

ಗಾಡಿ ಹತ್ರ ಬಂದ ತಕ್ಷಣ ತಲೆ ಎಣಿಸಿ, ಸಿಗ್ನಲ್ ಸಿಕ್ಕ ಕಡೆ ಮನೆಗೆ ಇಳಿದ್ವಿ ಅಂತ ಮೆಸೇಜ್ ಹಾಕಿ. ಸಾಕ್ಸ್ ತೆಗೆದು ಬೆರಳ ಸಂದಿ, ಮಂಡಿ ಹಿಂದೆ, ಸೊಂಟ ಜಿಗಣೆಗೆ ಒಂದ್ಸಲ ನೋಡ್ಕೊಳ್ಳಿ. ಕಾಲು ಚಾಚಿ ಹತ್ತು ನಿಮಿಷ ತೊಡೆ, ಮೀನಖಂಡ ಹಿಗ್ಗಿಸಿ, ಆಮೇಲೆ ಗಾಡಿ ಹತ್ತಿ, ನಿದ್ದೆ ಬಂದ್ರೆ ಡ್ರೈವ್ ಮಾಡೋರು ಗೋಣಿಕೊಪ್ಪದಲ್ಲಿ ನಿಲ್ಲಿಸಿ ಕಾಫಿ ಕುಡೀಲಿ. ಮನೆಗೆ ಬಂದ ರಾತ್ರಿ ಎಷ್ಟೇ ಸುಸ್ತಿದ್ರೂ ಶೂ ಒಳಗೆ ಹಳೇ ನ್ಯೂಸ್‌ಪೇಪರ್ ತುರುಕಿ ನೆರಳಲ್ಲಿಡಿ, ಬೆಳಗ್ಗೆ ಒಂದ್ಸಲ ಪೇಪರ್ ಬದಲಾಯಿಸಿ, ಎರಡು ದಿನಕ್ಕೆ ಒಣಗುತ್ತೆ. ಬಿಸಿಲಿಗೆ ಇಡಬೇಡಿ, ಅಂಟು ಬಿಟ್ಟು ತಳ ಕಿತ್ಕೊಳ್ಳುತ್ತೆ.